ಬಿಡಿಸಿ ಬರೆಯಿರಿ

ಬೇರೆಯವರ ಕಾಗುಣಿತದಲ್ಲಿ ತಪ್ಪು ಕಂಡಾಗ ಬಾಯಿಬಿಟ್ಟು ಹೇಳುವವರಲ್ಲಿ ಎರಡು ಬಗೆ. ಹೇಳಿ ಅಲ್ಲಿಂದ ಜಾಗ ಖಾಲಿ ಮಾಡುವವರು ಒಂದು ಬಗೆ. ಹೇಳಿದ ಮೇಲೆ ಮೆಚ್ಚುಗೆಯ ಮಾತೇನಾದರೂ ಬರಬಹುದೆಂದು ಅಲ್ಲೇ ನಿಂತುಕೊಳ್ಳುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ಮುಂಬಯಿ ಮಗ್ಗುಲಿನ ಠಾಣೆಯ ನಮ್ಮ ಕನ್ನಡ ಸಂಘದ ಯುಗಾದಿ ಊಟಕ್ಕೆ ಡೊಂಬಿವಲಿಯಿಂದ ಹೆಂಡತಿಯ ಜತೆ ಹೋಗಿದ್ದೆ. ಬಾಗಿಲಲ್ಲೇ ಒಂದು ದೊಡ್ಡ ಬ್ಯಾನರು. ಅದರ ಮೇಲೆ ‘ಎಲ್ಲರಿಗೂ ಹಾರ್ದಿಕ ಸ್ವಗತ’ ಎಂದಿತ್ತು. ನೂರಾರು ಜನ ಅದರ ಕೆಳಗೇ ಹಾದು, ಕೈ ತೊಳೆದು, ಎಲೆಯ ಮುಂದೆ ಕೂತಿದ್ದರು. ನಾನೊಬ್ಬ ಮಾತ್ರ ಸಂಘದ ಅಧ್ಯಕ್ಷ ಪಾಟೀಲರನ್ನು ಹುಡುಕಿಕೊಂಡು ಹೋದೆ. “ಸರ್, ಬರಮಾಡಿಕೊಳ್ಳುವುದು ಸ್ವಾಗತ. ಸು ಆಗತ, ಒಳ್ಳೆಯ ಬರವು. ಸ್ವಗತ ಅಂದರೆ ನಾಟಕದಲ್ಲಿ ಪಾತ್ರಧಾರಿ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವುದು” ಎಂದೆ. ಹೇಳಿ, ನಿಂತುಕೊಂಡೆ.

ಪಾಟೀಲರು ಗದಗಿನ ಕಡೆಯವರು. ನೌಕರಿಯಿಂದ ನಿವೃತ್ತರಾದರೂ ದನಿ ನಿವೃತ್ತಿಯಾಗಿರಲಿಲ್ಲ. ಬ್ಯಾನರನ್ನೂ ನನ್ನನ್ನೂ ಒಂದೊಂದು ಸಲ ನೋಡಿ, “ಇಷ್ಟ ತಿಳೀತೈತಿ ಅಂದಮ್ಯಾಲೆ ಒಬ್ಬರs ಯಾಕ ಇಟ್ಟಗೊಂಡೀರಿ? ಐತವಾರಕ್ಕೊಮ್ಮೆ ಬಂದು ನಮ್ಮ ಹುಡುಗ್ರಿಗೆ ಕನ್ನಡ ಕಲಸ್ರಿ” ಎಂದರು. ಅದು ವಿನಂತಿಯೋ ಶಿಕ್ಷೆಯೋ ತಿಳಿಯುವ ಮೊದಲೇ ಪಾಯಸ ಬಂತು. ಪಾಯಸದ ಬಾಯಲ್ಲಿ ಇಲ್ಲವೆನ್ನಲು ನನಗೆ ಬರುವುದಿಲ್ಲ.

ಇಲ್ಲಿ ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ರಬಾಳೆಯ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಲೇಬಲ್ ಓದುವುದು. ಫಿನಾಯಿಲ್, ಪಾತ್ರೆ ತೊಳೆಯುವ ದ್ರವ, ಇರುವೆಗೆ ಹಾಕುವ ಪುಡಿ, ಇಂಥವನ್ನೆಲ್ಲ ನಾಲ್ಕಾರು ರಾಜ್ಯಗಳಿಗೆ ಕಳಿಸುವ ಕಂಪನಿ ಅದು. ಕರ್ನಾಟಕಕ್ಕೆ ಹೋಗುವ ಡಬ್ಬಿಗಳ ಮೇಲಿನ ಕನ್ನಡ ಸರಿಯಿದೆಯೇ ಎಂದು ನೋಡಬೇಕಾದವನು ನಾನು. ಹಾಗಾಗಿ ಇಪ್ಪತ್ತು ವರ್ಷಗಳಿಂದ ದಿನವೂ ಕನ್ನಡ ಓದುತ್ತಿದ್ದೇನೆ ಎಂದು ಎದೆ ತಟ್ಟಿ ಹೇಳಬಲ್ಲೆ. ‘ತಂಪಾದ, ಒಣ ಜಾಗದಲ್ಲಿ ಇಡಿ’, ‘ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ’. ಅಷ್ಟು ವರ್ಷಗಳಲ್ಲಿ ಮಕ್ಕಳಿಗೆ ಸಂಬಂಧಪಟ್ಟಂತೆ ನಾನು ಓದಿದ ಒಂದೇ ವಾಕ್ಯ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬುದು. ಅದನ್ನು ನನಗೇ ಅನ್ವಯಿಸಿಕೊಳ್ಳಬೇಕಿತ್ತು ಎಂದು ಆಗ ಹೊಳೆಯಲಿಲ್ಲ.

ಘೋಡಬಂದರ್ ರಸ್ತೆಯಲ್ಲಿ ಪಾಟೀಲರು ಇರುವ ಕಾಂಪ್ಲೆಕ್ಸಿನ ಕ್ಲಬ್ ಹೌಸಿನಲ್ಲಿ ತರಗತಿ ಶುರುವಾಯಿತು. ಮೊದಲ ಭಾನುವಾರ ಹದಿನಾಲ್ಕು ಮಕ್ಕಳು. ಅ ಆ ಇ ಈ ಬರೆಸಿದೆ. ಎರಡನೆಯ ಭಾನುವಾರ ಒಂಬತ್ತು. ಕ ಕಾ ಕಿ ಕೀ ಬರೆಸಿದೆ. ಮೂರನೆಯ ವಾರ ನಾಲ್ಕು; ಅವರಲ್ಲಿ ಒಬ್ಬ ಕ್ಯಾರಮ್ ಆಡಲು ಬಂದು ಬಾಗಿಲು ತಪ್ಪಿದವನು. ಉಳಿದವರಿಗೆಲ್ಲ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರ ಮರಾಠಿಯಲ್ಲೋ ಹಿಂದಿಯಲ್ಲೋ ಬರುತ್ತಿತ್ತು. ನಾನು “ಇದೇನು?” ಎಂದು ಮೂಗು ಮುಟ್ಟಿ ತೋರಿಸಿದರೆ “ನಾಕ್” ಎನ್ನುವರು. “ಕನ್ನಡದಲ್ಲಿ?” ಎಂದರೆ “ಕನ್ನಡ್ ಮೇಂ ಭೀ ನಾಕ್ ಹೀ ಹೋಗಾ ನ ಸರ್, ಹೈ ತೋ ವಹೀ” ಎನ್ನುವರು. ಇದಕ್ಕೆ ಏನು ಹೇಳುತ್ತೀರಿ? ಮೂಗು ಅದೇ ತಾನೇ.

ದಾರಿ ತೋರಿಸಿದ್ದು ಬೆಳ್ಳುಳ್ಳಿ. ಒಂದು ಸಂಜೆ ನನ್ನ ಹೆಂಡತಿ ವಾರಿಜಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳು ಎಸಳು ಎಸಳಾಗಿ ಬಿಡಿಸುವುದನ್ನು ನೋಡುತ್ತ ಕೂತಿದ್ದ ನನಗೆ ಆ ಶಬ್ದವೂ ಬಿಡಿಸಿಕೊಂಡಂತಾಯಿತು. ಬೆಳ್, ಅಂದರೆ ಬಿಳಿ. ಉಳ್ಳಿ, ಅಂದರೆ ಈರುಳ್ಳಿಯ ಉಳ್ಳಿ. ಬಿಳಿಯ ಉಳ್ಳಿ ಬೆಳ್ಳುಳ್ಳಿ! ಹಾಗಾದರೆ ಬೆಳದಿಂಗಳು ಬಿಳಿಯ ತಿಂಗಳು. ತಣ್ಣನೆಯ ಗಾಳಿ ತಂಗಾಳಿ. ಹಿರಿದಾದ ಬಾಗಿಲು ಹೆಬ್ಬಾಗಿಲು, ಹಿರಿದಾದ ಮರ ಹೆಮ್ಮರ, ಹಿರಿದಾದ ದಾರಿ ಹೆದ್ದಾರಿ. ಇದನ್ನೆಲ್ಲ ಶಾಲೆಯಲ್ಲಿ ‘ಬಿಡಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರವಾಗಿ ಬರೆದು ಅಂಕ ಪಡೆದಿದ್ದೆ. ಆದರೆ ಅದು ಮಾತಿನ ಹೊಟ್ಟೆಯೊಳಗೆ ಇಣುಕುವ ಕಿಟಕಿ ಎಂದು ತಿಳಿದದ್ದು ಆ ಸಂಜೆ. ಎದ್ದು ನಿಂತು, “ಗೊತ್ತಾಯಿತು, ಮಕ್ಕಳಿಗೆ ಅಕ್ಷರ ಅಲ್ಲ, ಶಬ್ದ ಬಿಡಿಸುವುದನ್ನು ಕಲಿಸಬೇಕು!” ಎಂದೆ. ನಾವು ಮನೆಯಲ್ಲಿ ಆಡುವುದು ತುಳು, ವಾರಿಜಾ ಅಂದದ್ದರ ಕನ್ನಡ ಇಷ್ಟು: “ಮೊದಲು ಇದನ್ನು ಬಿಡಿಸಿ ಕೊಡಿ, ಒಗ್ಗರಣೆಗೆ ಹೊತ್ತಾಯಿತು.”

ಮುಂದಿನ ಭಾನುವಾರ ಕಪ್ಪು ಹಲಗೆಯ ಮೇಲೆ ‘ನೀರು’ ಎಂದು ಬರೆದು ಸುತ್ತ ಬಾಣ ಎಳೆದೆ. ಕಣ್ಣೀರು, ತಣ್ಣೀರು, ಎಳನೀರು, ಪನ್ನೀರು. ಮಕ್ಕಳ ಕಣ್ಣು ಅಗಲವಾಯಿತು. ಒಂದು ಶಬ್ದ ಕಲಿತರೆ ನಾಲ್ಕು ಪುಕ್ಕಟೆ! ಮುಂಬಯಿಯ ಮಕ್ಕಳಿಗೆ ಇಂಥ ಲೆಕ್ಕ ಬೇಗ ತಿಳಿಯುತ್ತದೆ. ಮೊದಲ ಸಾಲಿನಲ್ಲಿ ಕೂತ ಪಾಟೀಲರ ಮೊಮ್ಮಗಳು ತನ್ವಿ, ಹತ್ತು ವರ್ಷದವಳು, ಕೈ ಎತ್ತಿದಳು.

“ಸರ್, ಪನೀರ್‌ನಲ್ಲಿ ಯಾವ ನೀರು?”

ಇದೇ ನೋಡಿ, ನಾನು ದಾರಿ ತಪ್ಪಿದ ಜಾಗ. ಪನೀರು ಬೇರೆ ಭಾಷೆಯಿಂದ ಬಂದದ್ದು, ಅದಕ್ಕೂ ನೀರಿಗೂ ಸಂಬಂಧವಿರಲಾರದು ಎಂದು ಅಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತವನಿಗೆ ಒಂದು ಬಗೆಯ ಅಮಲು ಏರುತ್ತದೆ. ನಾಲ್ಕು ಜೋಡಿ ಕಣ್ಣು ಉತ್ತರಕ್ಕೆ ಕಾಯುತ್ತಿರುವಾಗ ಬರಿಗೈಯಲ್ಲಿ ಕಳಿಸಲು ಮನಸ್ಸು ಬರುವುದಿಲ್ಲ. “ಹಾಲಿನಲ್ಲಿರುವ ನೀರು ಹಿಂಡಿ ತೆಗೆದದ್ದು ಪನೀರು” ಎಂದುಬಿಟ್ಟೆ. ತನ್ವಿ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ಸುದ್ದಿ ಹಬ್ಬಿತು. ಮಕ್ಕಳು ತಿಂಗಳೊಳಗೆ ಹದಿನೇಳಾದರು. ಕಲ್ವಾದಿಂದ, ಐರೋಲಿಯಿಂದ, ಒಬ್ಬಳಂತೂ ಕಲ್ಯಾಣದಿಂದ. “ಸರ್, ಆಜ್ ಕ್ಯಾ ತೋಡ್ನೇ ಕಾ ಹೈ?” ಎಂದು ಕೇಳುತ್ತಲೇ ಒಳಗೆ ಬರುತ್ತಿದ್ದರು. ಏನೇ ಸಿಕ್ಕರೂ ಒಡೆಯುವರು. ವಾರಿಯಲ್ಲಿ, ಅಂದರೆ ನೀರಿನಲ್ಲಿ, ಹುಟ್ಟಿದ್ದು ವಾರಿಜ, ಜಲದಲ್ಲಿ ಹುಟ್ಟಿದ್ದು ಜಲಜ ಎಂದು ಹೇಳಿಕೊಟ್ಟ ವಾರ, ಪಿಜ್ಜಾ ಎಲ್ಲಿ ಹುಟ್ಟಿದ್ದು ಎಂದು ಅರ್ಧ ಗಂಟೆ ಜಗಳವಾಡಿದರು. ಡೊಂಬಿವಲಿಯ ಹೆಸರಿನಲ್ಲಿ ದೊಂಬಿ ಇದೆಯೆಂದು ಒಬ್ಬ ಕಂಡುಹಿಡಿದ. ದಿನಾ ಬೆಳಿಗ್ಗೆ ಅಲ್ಲಿಂದ ರೈಲು ಹತ್ತುವ ನಾನು ಆ ಸಂಶೋಧನೆಯನ್ನು ಅಲ್ಲಗಳೆಯುವ ಧೈರ್ಯ ಮಾಡಲಿಲ್ಲ.

ತರಗತಿಯೊಳಗೆ ಒಡೆದರೆ ಅಡ್ಡಿಯಿರಲಿಲ್ಲ. ಅವರು ಮನೆಗೆ ಹೋಗಿಯೂ ಒಡೆದರು. ನಾನು ‘ವಾಸ’ ಎಂಬ ಶಬ್ದ ಹಿಡಿದು ನಿವಾಸ, ಪ್ರವಾಸ, ಸಹವಾಸ, ಉಪವಾಸ ಎಂದು ಪಾಠ ಮಾಡಿದ್ದೆ. ಉಪ ಅಂದರೆ ಹತ್ತಿರ, ಹತ್ತಿರ ಇರುವುದು ಉಪವಾಸ ಎಂದು ಹೇಳಿದ್ದೆ. ದೇವರ ಹತ್ತಿರ ಎಂದು ಸೇರಿಸುವ ಮೊದಲು ಹೊತ್ತಾಗಿ ಮಕ್ಕಳು ಹೊರಟಿದ್ದರು. ಮುಂದಿನ ಏಕಾದಶಿಗೆ ಕಲ್ವಾದ ಆರುಷ್ ತಾನೂ ಅಜ್ಜಿಯ ಜತೆ ಉಪವಾಸ ಮಾಡುತ್ತೇನೆಂದು ಹೊರಟು, ಇಡೀ ದಿನ ಫ್ರಿಜ್ಜಿನ ಹತ್ತಿರ ವಾಸಮಾಡಿದನಂತೆ. ಸಂಜೆಯೊಳಗೆ ಅದರಲ್ಲಿ ಐಸ್ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅವನ ಅಜ್ಜಿ ಫೋನು ಮಾಡಿ, “ಮಾಷ್ಟ್ರೇ, ನೀವು ಯಾವ ಪಂಚಾಂಗ ನೋಡ್ತೀರಿ?” ಎಂದು ಮಾತ್ರ ಕೇಳಿ ಇಟ್ಟುಬಿಟ್ಟರು. ಇನ್ನೊಬ್ಬ ಹುಡುಗ ಊಟದ ಹೊತ್ತಿನಲ್ಲಿ ‘ಹೆಂಡತಿ’ಯನ್ನು ಬಿಡಿಸಿದ. ಹೆಂಡ ಅತಿ. ಅವನ ತಾಯಿ ಇಡೀ ಜೀವಮಾನದಲ್ಲಿ ಅದರ ವಾಸನೆ ಕಂಡವರಲ್ಲ. ಅವರು ಎರಡು ವಾರ ಮಗನನ್ನು ಕಳಿಸಲಿಲ್ಲ.

ಪಾಟೀಲರ ಮನೆಯಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಅವರ ಮಗ ಸೊಸೆ ಇಬ್ಬರೂ ಮನೆಯಿಂದಲೇ ಕೆಲಸ ಮಾಡುವವರು, ಒಂದೇ ಊಟದ ಮೇಜಿನ ಎರಡು ತುದಿಗೆ ಕೂತು ಎರಡು ಕಂಪನಿಗಳ ಜತೆ ಗಟ್ಟಿಯಾಗಿ ಮಾತಾಡುವವರು. ನಾನು ಆ ವಾರ ‘ಗಂಡಾಂತರ’ ಎಂಬ ಶಬ್ದ ಓದಿಸಿದ್ದೆ, ಅರ್ಥ ಅಪಾಯ ಎಂದಷ್ಟೇ ಹೇಳಿದ್ದೆ. ತನ್ವಿ ಅದನ್ನು ಸ್ವಂತ ಬುದ್ಧಿಯಿಂದ ಬಿಡಿಸಿದಳು. ಗಂಡ, ಅಂತರ. ಗಂಡನಿಂದ ಅಂತರ ಕಾಪಾಡಿಕೊಳ್ಳುವುದು. ಬಣ್ಣದ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಮೇಜಿನ ನಡುವೆ ಅಂಟಿಸಿದಳು. ಅವಳ ತಾಯಿಗೆ ಅದು ಬಹಳ ಹಿಡಿಸಿತು. ಮರುದಿನವೇ ಲ್ಯಾಪ್‌ಟಾಪು ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ, ಚೀಟಿಯನ್ನು ಬಾಗಿಲ ಹೊರಗೆ ಅಂಟಿಸಿ, ಒಳಗಿನಿಂದ ಚಿಲಕ ಹಾಕಿಕೊಂಡರು.

ಪಾಟೀಲರು ತರಗತಿಗೇ ಬಂದರು. “ಏನ್ರೀ ಭಾಸ್ಕರ, ಇದೇನ ನಡಸೀರಿ? ಆರು ತಿಂಗಳಿಂದ ಬರೇ ಒಡಿಯೂದs ಆತಲ್ರೀ! ಕೂಡಸೂದು ಯಾವಾಗ ಕಲಸ್ತೀರಿ?”

ಮಾತು ನಾಟಿತು. ಮುಂದಿನ ವಾರದಿಂದ ಕೂಡಿಸುವುದು ಶುರು. ಹಳೆಯ ತುಂಡುಗಳಿಂದ ಹೊಸ ಶಬ್ದ ಕಟ್ಟಿರಿ, ನಿಮ್ಮ ಸುತ್ತ ಕಾಣುವುದಕ್ಕೆ ಹೆಸರಿಡಿ ಎಂದೆ. ಹೆಬ್ಬಾಗಿಲು, ಹೆಮ್ಮರ ಕಲಿತಿದ್ದವರು ‘ಹೆಗ್ಗರ್ದಿ’ ಕಟ್ಟಿದರು. ಗರ್ದಿಯೆಂದರೆ ಇಲ್ಲಿ ನಾವೆಲ್ಲ ಜನಜಂಗುಳಿಗೆ ಅನ್ನುವ ಮಾತು. ಠಾಣೆ ಸ್ಟೇಷನ್ನಿನಲ್ಲಿ ಆಫೀಸು ಬಿಡುವ ಹೊತ್ತಿಗೆ ಇರುವುದು ಹೆಗ್ಗರ್ದಿ. ತಂಗಾಳಿಯಿಂದ ತನ್ವಿ ‘ತಂಬಂಡಿ’ ಮಾಡಿದಳು. ತಣ್ಣನೆಯ ಬಂಡಿ, ಎ.ಸಿ. ಲೋಕಲ್ ರೈಲು. ಪಾಟೀಲರು ಇದನ್ನು ಕೇಳಿ ಕರಗಿಹೋದರು. “ತಂಬಂಡಿ! ಭಾಳ ಚಲೋ ಐತಿ” ಎಂದು ಕಂಡಕಂಡವರಿಗೆಲ್ಲ ಹೇಳಿ, ಸ್ಟೇಷನ್ನಿನ ವಿಚಾರಣಾ ಕಿಟಕಿಯಲ್ಲೂ “ತಂಬಂಡಿ ಎಷ್ಟಕ್ಕ ಐತ್ರೀ?” ಎಂದು ಕೇಳಿದರಂತೆ. ಒಳಗಿದ್ದ ಮರಾಠಿ ಹೆಂಗಸು ಮುಂದಿನ ಕಿಟಕಿಗೆ ಹೋಗಲು ಹೇಳಿದಳು.

ಅಷ್ಟರಲ್ಲಿ ಜಾಗಕ್ಕೆ ಕುತ್ತು ಬಂತು. ಭಾನುವಾರ ಬೆಳಿಗ್ಗೆ ಕ್ಲಬ್ ಹೌಸಿನಲ್ಲಿ ಜುಂಬಾ ಕುಣಿತ ಶುರು ಮಾಡುವುದಾಗಿ ಕಾಂಪ್ಲೆಕ್ಸಿನ ಸೊಸೈಟಿ ನಿರ್ಧರಿಸಿತು. ಕುಣಿಯುವವರು ನಲವತ್ತು, ನಮ್ಮವರು ಹದಿನೇಳು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಹದಿನೇಳು ಮಕ್ಕಳನ್ನು ಕೂರಿಸುವ ಜಾಗ ಠಾಣೆಯಲ್ಲಿ ಎಲ್ಲಿ ಸಿಗುತ್ತದೆ? ಪಾಟೀಲರಿಗೆ ನೆನಪಾದವರು ಸೀತಾರಾಮ ರಾಯರು. ಕೋಪರಿಯಲ್ಲಿ ಐದಾರು ದಶಕಗಳಿಂದ ಉಡುಪಿ ಹೋಟೆಲು ನಡೆಸುತ್ತಿರುವ ಎಂಬತ್ತು ದಾಟಿದ ಹಿರಿಯರು. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಒಂದು ಉದ್ದದ ಕೋಣೆ, ಹಳೆಯ ಕುರ್ಚಿಗಳನ್ನು ಪೇರಿಸಿ ಇಟ್ಟದ್ದು, ಸುಮ್ಮನೆ ಬಿದ್ದಿತ್ತು. ರಾಯರನ್ನು ಸಂಘದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆಯುವುದು, ಮಕ್ಕಳ ಪ್ರತಿಭೆ ತೋರಿಸುವುದು, ಅವರು ಸಂತೋಷದಲ್ಲಿದ್ದಾಗ ಕೋಣೆ ಕೇಳುವುದು. ಇದು ಪಾಟೀಲರ ಯೋಜನೆ. ಸ್ವಾಗತ ಭಾಷಣ ತನ್ವಿಯದು, ಅದೂ ಶಬ್ದ ಬಿಡಿಸಿ ತೋರಿಸುವ ಭಾಷಣ. “ನಿಮ್ಮ ಮ್ಯಾಲೆ ಐತ್ರೀ ಎಲ್ಲಾ” ಎಂದರು ನನಗೆ.

ತನ್ವಿಗೆ ನಾನು ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು ಎಂದು ಇವತ್ತಿಗೂ ವಾದಿಸುತ್ತೇನೆ. ಅತಿಥಿ ಶಬ್ದದಲ್ಲಿ ‘ಅ’ ಅಂದರೆ ಇಲ್ಲ. ತಿಥಿ ಅಂದರೆ ಇಂಥ ದಿನ ಎಂಬುದು. ದಿನ ಗೊತ್ತುಮಾಡದೆ ಬರುವವನು ಅತಿಥಿ. ಆದರೆ ಸಮಾರಂಭದ ಬೆಳಿಗ್ಗೆ, ನಾನು ಮೈಕಿನ ತಂತಿ ಎತ್ತಿ ಹಿಡಿದುಕೊಂಡಿದ್ದಾಗ, ಅವಳು ಬಂದು ಕೇಳಿದಳು.

“ಸರ್, ಆಮಂತ್ರಣ ಪತ್ರಿಕೆಯಲ್ಲಿ ಡೇಟ್ ಹಾಕಿದ್ದಾರೆ. ರಾವ್ ಅಜ್ಜ ಡೇಟ್ ಪ್ರಕಾರನೇ ಬರ್ತಾರೆ. ಮತ್ತೆ ಅವರು ಅತಿಥಿ ಹೇಗೆ?”

“ಈಗ ಅದೆಲ್ಲ ಬೇಡಮ್ಮ. ತಿಥಿ ಇಲ್ಲದವರು ಅಂತ ಹೇಳು, ಸಾಕು” ಎಂದೆ.

ಅವಳು ತಲೆಯಾಡಿಸಿ ಹೋದಳು. ಹಿಂದಿನ ತಿಂಗಳಷ್ಟೇ ಕಲ್ಯಾಣದಲ್ಲಿ ಅವಳ ತಾಯಿಯ ತಂದೆಯ ತಿಥಿ ಮಾಡಿದ್ದರು, ಆ ಮಗು ವಡೆ ಪಾಯಸ ಉಂಡು ಬಂದಿತ್ತು, ಅವಳಿಗೆ ಗೊತ್ತಿದ್ದ ತಿಥಿ ಅದೊಂದೇ ಎಂಬುದು ನನಗೆ ತಿಳಿದಿರಲಿಲ್ಲ.

ರಾಯರು ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು, ಮೊಮ್ಮಗನ ಭುಜ ಹಿಡಿದು ಬಂದರು. ಕಿವಿ ಸ್ವಲ್ಪ ಮಂದ. ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ನನ್ನನ್ನು ಕೂರಿಸಿದ್ದರು. ತನ್ವಿ ಮೈಕಿನ ಮುಂದೆ ನಿಂತು, ಎರಡು ಜಡೆ ಹಿಂದಕ್ಕೆ ಎಸೆದು, ಗಟ್ಟಿಯಾಗಿ ಶುರು ಮಾಡಿದಳು. ಅಧ್ಯಕ್ಷ ಅಂದರೆ ಮೇಲಿನಿಂದ ಕಣ್ಣಿಟ್ಟು ನೋಡಿಕೊಳ್ಳುವವರು ಎಂದಳು. ಚಪ್ಪಾಳೆ. ಪಾಟೀಲರು ಕಣ್ಣು ಇನ್ನಷ್ಟು ಅಗಲ ಮಾಡಿದರು. “ಇವತ್ತಿನ ಮುಖ್ಯ ಅತಿಥಿ ಸೀತಾರಾಮ ರಾವ್ ಅಜ್ಜ. ಅ ಅಂದರೆ ಇಲ್ಲ. ತಿಥಿ ಅಂದರೆ ಸತ್ತ ಮೇಲೆ ಮಾಡುವುದು. ಅತಿಥಿ ಅಂದರೆ ಇನ್ನೂ ತಿಥಿ ಆಗದವರು. ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ವಯಸ್ಸಾಗಿಯೂ ಅಜ್ಜನ ತಿಥಿ ಆಗಿಲ್ಲ. ಅದಕ್ಕೇ ಅವರು ಮುಖ್ಯ ಅತಿಥಿ.”

ಪಾಟೀಲರು ಅಷ್ಟು ಮೇಲಿನಿಂದ ಇಟ್ಟಿದ್ದ ಕಣ್ಣನ್ನು ಮುಚ್ಚಿಕೊಂಡರು. ರಾಯರು ಕಿವಿಗೆ ಕೈ ಹಚ್ಚಿ ನನ್ನ ಕಡೆ ಬಾಗಿದರು. “ದಾದ? ಎಂಥ ಹೇಳಿದ್ದು ಆ ಕೂಸು?”

“ನೀವು ಚಿರಂಜೀವಿ ಅಂತ ಹೇಳಿದಳು” ಎಂದೆ ಅವರ ಕಿವಿಯಲ್ಲಿ.

“ಅಲ್ಲ ಮಾರಾಯ್ರೆ, ತಿಥಿ ಅಂತ ಕೇಳಿದ ಹಾಗೆ ಆಯ್ತಲ್ಲ? ಯಾರ ತಿಥಿ?”

ತನ್ವಿಗೆ ಆ ಪ್ರಶ್ನೆ ಕೇಳಿಸಿತು. ಅವಳು ಉಪಕಾರಿ ಹುಡುಗಿ. ಮೈಕಿನಲ್ಲೇ ಉತ್ತರ ಕೊಟ್ಟಳು: “ನಿಮ್ಮದು ಅಜ್ಜಾ! ಇನ್ನೂ ಆಗಿಲ್ಲ!”

ಡೊಂಬಿವಲಿಗೆ ಮುಂದಿನ ರೈಲು ಯಾವುದೆಂದು ನಾನು ಮನಸ್ಸಿನಲ್ಲೇ ಹುಡುಕತೊಡಗಿದೆ. ರಾಯರು ನಿಧಾನವಾಗಿ ಎದ್ದರು. ಮೈಕಿನ ಹತ್ತಿರ ನಡೆದು ಹೋದರು. ಎಷ್ಟು ಹೊತ್ತು ಮಾತಾಡಲಿಲ್ಲವೆಂದರೆ, ಕೋಪ ಬಂದಿದೆಯೋ ಎದೆನೋವು ಬಂದಿದೆಯೋ ಎಂದು ಮೊಮ್ಮಗ ನೀರಿನ ಬಾಟಲಿ ಹಿಡಿದು ಓಡಿ ಬಂದ. ಆಮೇಲೆ ನೋಡಿದರೆ ಆ ಮನುಷ್ಯ ನಗುತ್ತಿದ್ದರು. ಮೈ ಕುಲುಕುತ್ತಿತ್ತು, ಸದ್ದು ಹೊರಡುತ್ತಿರಲಿಲ್ಲ.

“ನನ್ನನ್ನು ಬಹಳ ಕಡೆ ಮುಖ್ಯ ಅತಿಥಿ ಅಂತ ಕೂರಿಸಿದ್ದಾರೆ” ಎಂದರು. “ಯಾಕೆ ಕೂರಿಸುದು ಅಂತ ಇವತ್ತು ಗೊತ್ತಾಯ್ತು. ಕೂಸೇ, ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವ. ಈ ಶಬ್ದ ಒಡೆಯುದು ಎಲ್ಲ ನಮಗೆ ಯಾರೂ ಹೇಳಿಕೊಡ್ಲಿಲ್ಲ. ಉಪ್ಪಿಟ್ಟು ಒಡೀಲಿಕ್ಕೆ ಆಗ್ತದಾ ನಿನಗೆ?”

“ಉಪ್ಪು, ಹಿಟ್ಟು” ಎಂದಳು ತನ್ವಿ ಕಣ್ಣು ಮಿಟುಕಿಸುವುದರೊಳಗೆ.

“ಹೌದಲ್ಲ!” ರಾಯರು ಸಭೆಗೇ ತಿರುಗಿದರು. “ಉಪ್ಪು, ಹಿಟ್ಟು! ಇಷ್ಟು ವರ್ಷ ಇದನ್ನೇ ಮಾಡಿ ಬಡಿಸಿದ್ದೇನೆ, ಒಂದು ದಿನವೂ ಬಿಡಿಸಿ ನೋಡ್ಲಿಲ್ಲ. ಇಡ್ಲಿ? ಇಡ್ಲಿಗೆ ಎಂಥ?”

ತನ್ವಿ ನನ್ನ ಕಡೆ ನೋಡಿದಳು. “ಸರ್?” ಇಡೀ ಸಭೆ ನನ್ನ ಕಡೆ ನೋಡಿತು. ಪಾಟೀಲರು ಒಂದು ಕಣ್ಣು ತೆರೆದರು. ಅದೇ ಅಮಲು, ನೋಡಿ. ಎದ್ದು ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದಂತೆ ಮಾಡಿ, ಬಲಗೈ ಬೆರಳಿನಿಂದ ಅದನ್ನು ತೋರಿಸಿ, “ಇಡು, ಇಲ್ಲಿ! ಹಸಿದವನು ತಟ್ಟೆ ತೋರಿಸಿ ಹೇಳಿದ ಮಾತು. ಇಡು ಇಲ್ಲಿ, ಇಡ್ಲಿ” ಎಂದೆ.

ಅಂಥ ಚಪ್ಪಾಳೆ ನನಗೆ ಹಿಂದೆ ಬಿದ್ದಿರಲಿಲ್ಲ, ಮುಂದೆ ಬೀಳುವುದೂ ಇಲ್ಲ. ರಾಯರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕೋಣೆಯ ವಿಷಯ ಪಾಟೀಲರು ಬಾಯಿ ಬಿಟ್ಟು ಕೇಳಬೇಕಾಗಲೇ ಇಲ್ಲ. “ಮಾಳಿಗೆ ನಿಮಗೇ. ಆದರೆ ನಾನೂ ಬಂದು ಕೂತುಕೊಳ್ತೇನೆ, ಬೇಡ ಅನ್ಬಾರ್ದು” ಎಂದರು.

ಮುಂದಿನ ಭಾನುವಾರ ಕೋಪರಿಗೆ ಹೋದಾಗ ಹೋಟೆಲಿನ ಒಳಗೋಡೆಯ ಮೇಲೆ ಹೊಸ ಬಣ್ಣದ ವಾಸನೆ. ಹಳದಿಯ ಮೇಲೆ ಕೆಂಪು ಅಕ್ಷರದಲ್ಲಿ, ಕನ್ನಡದಲ್ಲಿ, ‘ಇಡು ಇಲ್ಲಿ = ಇಡ್ಲಿ’ ಎಂದು ಬರೆಸಿದ್ದರು. ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಏನೋ ದೇವರ ಶ್ಲೋಕ ಇರಬೇಕೆಂದು ಒಬ್ಬರು ಅದಕ್ಕೆ ಕೈ ಮುಗಿದು ಕೂತರು. ಮಾಳಿಗೆ ಹತ್ತಿದರೆ ಮೊದಲ ಸಾಲಿನಲ್ಲಿ, ತನ್ವಿಯ ಪಕ್ಕ, ರಾಯರು ಹೊಸ ನೋಟ್‌ಬುಕ್ಕು ಹಿಡಿದು ಕೂತಿದ್ದಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೋಟೆಲಿನಲ್ಲಿ ಸಿಗುವ ತಿಂಡಿಗಳ ಇಡೀ ಪಟ್ಟಿ. ವಾರಕ್ಕೆ ಒಂದೊಂದು ಬಿಡಿಸಿಕೊಡಬೇಕಂತೆ.

ಅವಲಕ್ಕಿ, ತಂಬುಳಿ ಇರುವ ತನಕ ಸತ್ಯವಂತನಾಗಿಯೇ ಉಳಿದೆ. ತಣ್ಣನೆಯ ಹುಳಿ ತಂಬುಳಿ. ಇದರಲ್ಲಿ ನನ್ನದೇನೂ ಇಲ್ಲ. ಅವು ಮುಗಿದ ಮೇಲೆ ಕಷ್ಟ ಶುರುವಾಯಿತು. ನಡುವೆ ಒಡೆದಿರುವುದರಿಂದ ವಡೆ ಎಂದೆ. ಬಾಯಿಗೆ ಹಾಕುವ ಉಂಡೆ ಬಾಯುಂಡೆ, ಅದೇ ಸವೆದು ಬೋಂಡಾ ಎಂದೆ. ಸಾಂಬಾರಿನ ದಿನವಂತೂ ಹಳಗನ್ನಡಕ್ಕೇ ಕೈ ಹಾಕಿದೆ: “ಎಷ್ಟು ಬಡಿಸಿದರೂ ಸಾಕು ಎಂಬಾರೆ? ಎನ್ನಲಾರರು. ಸಾಕೆಂಬಾರೆ, ಸಾಂಬಾರ್.” ರಾಯರು “ಓಹೋಹೋ” ಎಂದು ತೊಡೆ ತಟ್ಟಿಕೊಂಡರು. ಪ್ರತಿ ವಾರ ಗೋಡೆಯ ಮೇಲೆ ಒಂದು ಸಾಲು ಬೆಳೆಯುತ್ತಿತ್ತು. ಒಂದು ದಿನ ತರಗತಿ ಮುಗಿದ ಮೇಲೆ ರಾಯರು ನನ್ನನ್ನು ತಡೆದು, “ಭಾಸ್ಕರ, ಇಷ್ಟು ದಿನ ಇವೆಲ್ಲ ನನಗೆ ಬರೀ ಆರ್ಡರು. ಈಗ ಅಡುಗೆಮನೆಯಲ್ಲಿ ಹಬೆ ಎದ್ದರೆ ಒಂದೊಂದು ಮಾತೂ ಎದ್ದು ನಿಂತ ಹಾಗೆ ಕಾಣ್ತದೆ. ಈ ಪ್ರಾಯದಲ್ಲಿ ಇದು ಸಿಕ್ಕಿತಲ್ಲ” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ಮನೆಗೆ ಬಂದು ವಾರಿಜಾಳಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. “ಮಕ್ಕಳಿಗೆ ಹೇಳಿದ್ದು ಇರಲಿ, ಅವರು ದೊಡ್ಡವರಾದ ಮೇಲೆ ತಿದ್ದಿಕೊಳ್ಳುತ್ತಾರೆ. ಆ ಅಜ್ಜ ಯಾವಾಗ ತಿದ್ದಿಕೊಳ್ಳುವುದು? ನಿಮಗೆ ನಾಚಿಕೆ ಆಗುವುದಿಲ್ಲವಾ?” ಆಗುತ್ತಿತ್ತು. ಆದರೆ ಏನು ಮಾಡುವುದು? ಸತ್ಯ ಹೇಳಿದರೆ ರಾಯರಿಗೆ ನೋವು, ಗೋಡೆಗೆ ಸುಣ್ಣ, ಮಕ್ಕಳಿಗೆ ಬೀದಿ. ಬರುವ ವಾರ ಪೂರಿಯ ಸರದಿ ಇತ್ತು. ರಬಾಳೆಯಲ್ಲಿ ಲೇಬಲ್ ಓದುತ್ತ ಓದುತ್ತ ಪೂರಿಗಾಗಿ ಹೊಸ ಸುಳ್ಳು ಹುಡುಕುತ್ತಿದ್ದ ನಾನು ‘ಇಲಿ ಪಾಷಾಣ’ದ ಡಬ್ಬಿಯ ಮೇಲೆ ‘ಎಲೆ ಪಾಷಾಣ’ ಎಂದಿದ್ದದ್ದನ್ನು ನೋಡದೆ ಪಾಸು ಮಾಡಿದ್ದೆ. ಎರಡು ಪೆಟ್ಟಿಗೆ ಗೇಟಿನಿಂದ ವಾಪಸು ತರಿಸಬೇಕಾಯಿತು.

ಆ ಭಾನುವಾರ ಪೂರಿಗೆ ಬಾಯಿ ತೆರೆಯುವ ಮೊದಲೇ ತನ್ವಿ ಕೈ ಎತ್ತಿದಳು. ಹಿಂದಿನ ವಾರ ನಾನೇ ಲೋಪ ಸಂಧಿ ಹೇಳಿಕೊಟ್ಟಿದ್ದೆ. ಎರಡು ಶಬ್ದ ಸೇರುವಾಗ ಮೊದಲನೆಯದರ ಕೊನೆಯ ಸ್ವರ ಬಿದ್ದುಹೋಗುತ್ತದೆ, ಎರಡನೆಯದರ ಮೊದಲ ಸ್ವರ ಉಳಿಯುತ್ತದೆ ಎಂದು. ಎದ್ದು ಕರಿಹಲಗೆಗೆ ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡಳು.

“ಸರ್, ನೀನು ಇಲ್ಲಿ ಸೇರಿದರೆ ನೀನಿಲ್ಲಿ. ಏನು ಇಲ್ಲಿ ಸೇರಿದರೆ ಏನಿಲ್ಲಿ. ಇಡು ಇಲ್ಲಿ ಸೇರಿದರೆ...” ಬ್ಲ್ಯಾಕ್‌ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ಇಡಿಲ್ಲಿ. “ಇಡ್ಲಿ ಕೈಸೇ ಹುವಾ ಸರ್? ಆಗಲ್ಲ!”

ಹದಿನಾರು ಮಕ್ಕಳು ಹಲಗೆ ನೋಡಿದರು. ನನ್ನನ್ನು ನೋಡಿದರು. ರಾಯರು ಕನ್ನಡಕ ಮೇಲೇರಿಸಿ, “ಹೌದಲ್ಲ ಭಾಸ್ಕರ, ಇಡಿಲ್ಲಿ ಆಗ್ತದೆ. ಹಾಗಾದರೆ ಇಡ್ಲಿ ಎಲ್ಲಿಂದ ಬಂತು?” ಎಂದರು. ಕೇಳಿದ ದನಿಯಲ್ಲಿ ಕೊಂಕಿರಲಿಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಹುಡುಗನೇ ಅಲ್ಲಿ ಕೂತು ಕೇಳುತ್ತಿದ್ದ ಹಾಗಿತ್ತು. ಕೆಳಗಿನಿಂದ ಯಾರೋ ಎರಡು ಪ್ಲೇಟು ಇಡ್ಲಿಗೆ ಕೂಗಿದ್ದು ಕೇಳಿಸಿತು. ಹಳಗನ್ನಡದಲ್ಲಿ ಒಂದು ಅಪರೂಪದ ನಿಯಮವಿದೆ, ಸ್ವರ ನುಂಗುವ ಸಂಧಿ ಅಂತ, ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ರಾಯರ ಕೈಯಲ್ಲಿ ಪೆನ್ಸಿಲು ಬರೆದುಕೊಳ್ಳಲು ಸಿದ್ಧವಾಗಿ ನಿಂತಿತ್ತು. ಅದನ್ನು ನೋಡಿ ನಾಲಿಗೆ ಹಿಂದೆ ಸರಿಯಿತು.

“ಗೊತ್ತಿಲ್ಲ” ಎಂದೆ.

“ಇಡ್ಲಿ ಗೊತ್ತಿಲ್ಲ. ಬೋಂಡಾ ಗೊತ್ತಿಲ್ಲ. ವಡೆ, ಸಾಂಬಾರು ಎರಡೂ ಗೊತ್ತಿಲ್ಲ. ಪನೀರಿನಲ್ಲಿ ನೀರೇ ಇಲ್ಲ. ಎಲ್ಲ ನಾನೇ ಕಟ್ಟಿದ್ದು, ರಾಯರೇ. ಗೋಡೆಗೆ ನಾನೇ ಬಣ್ಣ ಹೊಡೆಸಿಕೊಡುತ್ತೇನೆ” ಎಂದೆ. ಹೇಳಿ, ಮೊಟ್ಟಮೊದಲ ಬಾರಿಗೆ, ಮೆಚ್ಚುಗೆಗೆ ಕಾಯದೆ ನಿಂತೆ. ರಾಯರು ತುಸು ಹೊತ್ತು ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ಮಗುಚಿ ನೋಡಿದರು. “ಗೋಡೆ ಇರ್ಲಿ ಮಾರಾಯ್ರೆ” ಎಂದರು ಕೊನೆಗೆ. “ಸಾಂಬಾರಿನ ಸಾಲು ಓದಿ ಇಬ್ಬರು ಕನ್ನಡದವರು ಸಾಕು ಅನ್ನದೆ ಮೂರು ಸಲ ಹಾಕಿಸಿಕೊಂಡ್ರು. ಅದು ನನ್ನ ಕರ್ಮ. ಆದರೆ ಇನ್ನು ಮುಂದೆ ಗೊತ್ತಿದ್ದದ್ದು ಮಾತ್ರ ಬರೆಸಿ. ನನಗೆ ಹೊತ್ತು ಕಡಿಮೆ ಉಂಟು, ಅಳಿಸಿ ಬರೀಲಿಕ್ಕೆ ಆಗುದಿಲ್ಲ.”

ತನ್ವಿ ಇನ್ನೂ ಹಲಗೆಯ ಮುಂದೆಯೇ ಇದ್ದಳು. ತುಟಿ ಅಲುಗಿಸುತ್ತ ಏನನ್ನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ಗಬಕ್ಕನೆ ತಿರುಗಿ ಬರೆದಳು: ಗೊತ್ತು + ಇಲ್ಲ = ಗೊತ್ತಿಲ್ಲ. “ಉ ಹೋಯಿತು, ಇ ಉಳಿಯಿತು. ಲೋಪ ಸಂಧಿ! ಸರ್, ನೀವು ಹೇಳಿದ್ದು ಇದು ಕರೆಕ್ಟ್ ಇದೆ!”

ಮಕ್ಕಳಿಗೆ ಬಹಳ ಸಮಾಧಾನವಾಯಿತು. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು, ರಾಯರೂ ಬರೆದುಕೊಂಡರು. ತರಗತಿ ಮುಗಿದಾಗ ವಾಡಿಕೆಯಂತೆ ಸಾಲಾಗಿ ಬಂದು ನೋಟ್‌ಬುಕ್ಕು ಒಡ್ಡಿದರು. ಆ ದಿನ ಬೇರೆ ಪಾಠವೇ ಆಗಿರಲಿಲ್ಲ. ಠಾಣೆಯಿಂದ ಕಲ್ಯಾಣದವರೆಗಿನ ಹದಿನೆಂಟು ಮನೆಗಳಲ್ಲಿ ಈಗ ಹದಿನೆಂಟು ನೋಟ್‌ಬುಕ್ಕುಗಳಿವೆ. ಪ್ರತಿಯೊಂದರಲ್ಲೂ ಒಂದು ಪುಟದಲ್ಲಿ ‘ಗೊತ್ತಿಲ್ಲ’ ಎಂದು ದುಂಡಗೆ ಬರೆದಿದೆ, ಅದರ ಕೆಳಗೆ ದಿನಾಂಕ ಸಮೇತ ನನ್ನ ಸಹಿ ಇದೆ.